ಹಳದಿ ಮೀಟರ್ ಹೇಳಿದ ಸುಳ್ಳು

"ಅಯ್ಯಯ್ಯೋ ದೋನ್ಯಾ, ಅದನ್ನ ಕೀಳ್ಬೇಡಿ! ಇನ್ಸ್‌ಪೆಕ್ಟರಮ್ಮ ತಾವೇ ಕೈಯಾರೆ ಅಂಟಿಸಿ ಹೋಗಿರೋ ಚೀಟಿ ಅದು!"

ಯಮಂದೂ ಮೇಷ್ಟ್ರು ಕೂಗುವಷ್ಟರಲ್ಲಿ ಅವರು ಗೌರವದಿಂದ 'ದೋನ್ಯಾ' ಎಂದು ಕರೆಯುವ ನೆಲಿದಾ ಇರುರೇತಾಳ ಹೆಬ್ಬೆರಳಿನ ಉಗುರು ಚೀಟಿಯ ಅಂಚಿನಡಿ ತೂರಿಬಿಟ್ಟಿತ್ತು. ಚರ್ರನೆ ಸದ್ದಾಯಿತು. 'ಶಾಲೆ ನಂಬರ್ ೪೧, ಪಾಸೊ ಓಂಡೊ' ಎಂದು ಶಾಲೆಯ, ಊರಿನ ಹೆಸರು ಅಚ್ಚಾದ ಕಾಗದ ಹರಿದು ಅವಳ ಬೆರಳಿಗೆ ಅಂಟಿಕೊಂಡಿತು.

"ಕಿತ್ತಾಯ್ತಲ್ಲ, ಇನ್ನು ಕೂಗಿ ಏನು ಪ್ರಯೋಜನ? ಬನ್ನಿ ಇಲ್ಲಿ, ಈ ಗಾಜಿನ ಮೂಲೆ ನೋಡಿ."

ಮೇಷ್ಟ್ರು ಕನ್ನಡಕ ಏರಿಸಿಕೊಂಡು ಬಗ್ಗಿದರು. ಹಳದಿ ಮಲ್ಟಿಮೀಟರಿನ ಪುಟ್ಟ ಪರದೆಯ ಎಡಮೂಲೆಯಲ್ಲಿ, ಇಷ್ಟು ದಿನ ಚೀಟಿಯ ಹಿಂದೆ ಅಡಗಿದ್ದ ಒಂದು ಗುರುತು ಮಿಣುಕುತ್ತಿತ್ತು. ಸಾಸಿವೆ ಕಾಳಿನಷ್ಟು ಪುಟ್ಟ ಬ್ಯಾಟರಿಯ ಚಿತ್ರ.

"ಒಳಗಿನ ಬ್ಯಾಟರಿ ಸಾಯ್ತಾ ಇದೆ ಅಂತ ಪಾಪ, ಇದು ಬಾಯಿ ಬಡ್ಕೊಳ್ತಾನೇ ಇತ್ತು. ನಿಮ್ಮ ಇನ್ಸ್‌ಪೆಕ್ಟರಮ್ಮ ಆ ಬಾಯಿಗೇ ಚೀಟಿ ಅಂಟಿಸಿ ಹೋಗಿದಾರೆ."

ಶನಿವಾರದ ವಿಜ್ಞಾನ ಸ್ಪರ್ಧೆಯಲ್ಲಿ ಈ ಮೀಟರಿನ ಮೇಲೆ ೩.೯ ವೋಲ್ಟು ತೋರಿಸಿ ಗೆದ್ದಿದ್ದ ಹನ್ನೊಂದು ವರ್ಷದ ಅಬ್ರೀಲ್ ತೆಚೇರಾಳ ಗಾಳಿಚಕ್ರ, ಸೋಮವಾರ ಅದೇ ಫ್ಯಾನಿನ ಮುಂದೆ ಬರೀ ೨.೬ ಕೊಟ್ಟು ಅವಳಿಗೆ ಕಳ್ಳಿ ಎಂಬ ಹೆಸರು ತಂದಿತ್ತು. ಇವತ್ತು ಗುರುವಾರ. ಮಧ್ಯಾಹ್ನ ಎರಡಕ್ಕೆ ಶಾಲಾ ಇನ್ಸ್‌ಪೆಕ್ಟರಮ್ಮ ಬಂದು ವಿಚಾರಣೆ ಮಾಡುವವರಿದ್ದರು. ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ. ಸ್ಪರ್ಧೆಗೂ ಮರುಅಳತೆಗೂ ಸಾಕ್ಷಿಯಾಗಿದ್ದ ನೆಲಿದಾಳನ್ನು, ಎರಡೂ ಮೀಟರ್ ಪರೀಕ್ಷಿಸಲು ಮೇಷ್ಟ್ರು ಕರೆಸಿಕೊಂಡಿದ್ದರು.

ಅಬ್ರೀಲ್ ಮಂಗಳವಾರದಿಂದ ಶಾಲೆಗೆ ಬಂದಿರಲಿಲ್ಲ. ಅವಳ ಅಮ್ಮ ಕುರಿಯ ಉಣ್ಣೆ ಕತ್ತರಿಸುವ ತಂಡದ ಜೊತೆ ಉತ್ತರಕ್ಕೆ ಹೋಗಿ ತಿಂಗಳಾಗಿತ್ತು. ಹೋಗುವ ಮುಂಚಿನ ಭಾನುವಾರ ತಾಯಿ ಮಗಳು ಕೂತು, ಚರಂಡಿಯ ಪ್ಲಾಸ್ಟಿಕ್ ಪೈಪು ಸೀಳಿ, ಕಾಯಿಸಿ, ಬಾಗಿಸಿ ಆ ಚಕ್ರದ ರೆಕ್ಕೆಗಳನ್ನು ಮಾಡಿದ್ದರು.

"ಆದ್ರೆ ದೋನ್ಯಾ," ಮೇಷ್ಟ್ರು ತಲೆ ಕೆರೆದುಕೊಂಡರು, "ಬ್ಯಾಟರಿ ಸಾಯ್ತಾ ಬಂದ್ರೆ ಮೀಟರ್ ಕಮ್ಮಿ ತೋರಿಸ್ಬೇಕಲ್ವಾ? ಇದು ಜಾಸ್ತಿ ತೋರಿಸಿದೆ."

"ನೀವು ಬಟ್ಟೆ ಅಳೆಯೋ ಕೋಲು ಕುಗ್ಗಿ ಅರ್ಧ ಆಯ್ತು ಅಂತಿಟ್ಕೊಳ್ಳಿ. ಬಟ್ಟೆ ಎಷ್ಟು ಮೊಳ ಬರುತ್ತೆ?"

"...ಜಾಸ್ತಿ ಬರುತ್ತೆ."

"ಅಷ್ಟೇ. ಇಂಥ ಅಗ್ಗದ ಮೀಟರಿಗೆ ತನ್ನ ಹೊಟ್ಟೆಯೊಳಗಿನ ಬ್ಯಾಟರೀನೇ ಅಳತೆಗೋಲು. ಅದು ಸೊರಗಿದ್ರೆ ಹೊರಗಿನದೆಲ್ಲ ದೊಡ್ಡದಾಗಿ ಕಾಣುತ್ತೆ. ನಂಬಿಕೆ ಇಲ್ಲ ಅಂದ್ರೆ ಒಂದು ಹೊಸ ಸೆಲ್ ಕೊಡಿ."

ಮೇಷ್ಟ್ರು ಕಪಾಟಿನಿಂದ ಕಟ್ಟು ಒಡೆಯದ ಪೆನ್‌ಸೆಲ್ ತಂದರು. ನೆಲಿದಾ ಹಳದಿ ಮೀಟರಿನ ಎರಡು ಕಡ್ಡಿಗಳನ್ನು ಅದರ ಎರಡು ತುದಿಗೆ ಮುಟ್ಟಿಸಿದಳು. ೨.೪.

ಆಮೇಲೆ ಸೋಮವಾರ ಬಳಸಿದ್ದ ಕೆಂಪು ಮೀಟರ್ ತೆಗೆದುಕೊಂಡಳು. ಅದೇ ಸೆಲ್. ೧.೬.

"ಹೊಸ ಪೆನ್‌ಸೆಲ್‌ನಲ್ಲಿ ಎರಡೂವರೆ ವೋಲ್ಟಿನ ಹತ್ರ ನನ್ನ ಜನ್ಮದಲ್ಲಿ ಕಂಡಿಲ್ಲ. ಅಂದ್ರೆ ಈ ಹಳದಿ ಮಹಾರಾಯ ಎರಡಕ್ಕೆ ಮೂರು ಹೇಳ್ತಿದಾನೆ. ಈಗ ಅಬ್ರೀಲ್ ಲೆಕ್ಕ ಹಾಕಿ."

ಮೇಷ್ಟ್ರು ಕಪ್ಪುಹಲಗೆಯ ಮೂಲೆಯಲ್ಲಿ ಸುಣ್ಣದ ಕಡ್ಡಿಯಿಂದ ಗೀಚಿದರು. ೨.೬ರ ಒಂದೂವರೆ ಪಟ್ಟು. ಬರೆದು ಮುಗಿಸಿ, ತಾವು ಬರೆದದ್ದನ್ನೇ ನೋಡುತ್ತ ನಿಂತರು. ೩.೯.

"ಹುಡುಗಿ ಮೋಸ ಮಾಡಿಲ್ಲ," ಎಂದರು ಕೊನೆಗೆ. "ನಾನು ಮೂರು ದಿನದಿಂದ ನಿದ್ದೆ ಮಾಡಿಲ್ಲ ದೋನ್ಯಾ."

"ಇವತ್ತು ಮಾಡಿ. ಆದ್ರೆ ಈಗಲ್ಲ. ಈ ಬ್ಯಾಟರಿ ಎಷ್ಟು ಹಳೇದು?"

ಮೇಷ್ಟ್ರ ಮುಖ ಮತ್ತೆ ಇಳಿದುಹೋಯಿತು. "ಅದೇ ನಂಗೂ ಅರ್ಥ ಆಗ್ತಿಲ್ಲ. ಶನಿವಾರ ಬೆಳಗ್ಗೆ ನಾನೇ ಹೊಸದು ಹಾಕಿದೀನಿ. ಪ್ಲಾಸ್ಟಿಕ್ ಹಾಳೆ ಹಲ್ಲಲ್ಲಿ ಕಚ್ಚಿ ಬಿಚ್ಚಿದ್ದು ಇನ್ನೂ ನೆನಪಿದೆ."

ನೆಲಿದಾ ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದಳು. ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಅದು ಅವಳ ಜೇಬು ಬಿಟ್ಟಿರಲಿಲ್ಲ. ಮೂವತ್ತೊಂದು ವರ್ಷ ಮನೆಮನೆ ಅಲೆದು ಕರೆಂಟ್ ಮೀಟರ್ ಓದಿದ ಕೈ ಅದು. ಎಷ್ಟು ನಾಯಿ ಕಚ್ಚಿದ್ದವೋ, ಎಷ್ಟು ಜನ ಕಂಬದಿಂದ ಕದ್ದು ಎಳೆದ ತಂತಿ ಹಿಡಿದಿದ್ದಳೋ, ಲೆಕ್ಕವಿರಲಿಲ್ಲ. ಒಂದೇ ಒಂದು ಮನೆ ಮಾತ್ರ ಅವಳಿಗೆ ಮರೆತಿರಲಿಲ್ಲ. ಅದು ಅಬ್ರೀಲಳ ಅಜ್ಜ ತೆಚೇರಾನ ಮನೆ. ಮೀಟರ್ ಓದಿ ಕಳ್ಳತನ ಎಂದು ಬರೆದವಳು ಇವಳೇ. ಈ ಸೀಮೆಯ ನಡುಚಳಿಗಾಲವಾದ ಜುಲೈಯಲ್ಲಿ ನಲವತ್ತು ದಿನ ಆ ಮನೆಗೆ ಬೆಳಕಿರಲಿಲ್ಲ. ಆಮೇಲೆ ಗೊತ್ತಾಯಿತು, ಕೆಟ್ಟದ್ದು ಮೀಟರು. ಮುದುಕ ಸಾಯುವ ತನಕ ಅವಳನ್ನು ಕಂಡರೆ ಟೋಪಿ ಎತ್ತಿ ನಮಸ್ಕಾರ ಮಾಡುತ್ತಿದ್ದ. ಒಂದೇ ಒಂದು ಬೈಗುಳ ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಮೀಟರಿನ ಬೆನ್ನು ತೆರೆದುಕೊಂಡಿತು. ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ. ಅಂಚುಗಳು ಸವೆದು ಬಣ್ಣ ಹೋಗಿತ್ತು. ಅದರ ಸುತ್ತ ಗುಲಾಬಿ ಬಣ್ಣದ ಕಾಗದವೊಂದನ್ನು ಮಡಚಿ, ಅಲುಗಾಡದಂತೆ ಟೇಪು ಸುತ್ತಿದ್ದರು.

ನೆಲಿದಾ ಟೇಪು ಬಿಡಿಸಿ ಕಾಗದ ಅಗಲಿಸಿದಳು. ಶಾಲೆಯ ಲಾಟರಿ ಚೀಟಿ. ನಂಬರ್ ೧೧೭. ಬಹುಮಾನ: ಒಂದು ಕುರಿಮರಿ.

"ಹೋದ ತಿಂಗಳು ಅಚ್ಚು ಹಾಕ್ಸಿದ್ದು," ಎಂದರು ಮೇಷ್ಟ್ರು. "ಶನಿವಾರಾನೇ ಡ್ರಾ ಆಗಿದ್ದು. ದೋನ್ಯಾ, ಈ ಲಾಟರಿಯ ಮುಖ್ಯಸ್ಥ ದೋನ್ ದಾರ್ದೊ!"

"ಹ್ಞೂಂ."

"ಅವರ ಮೊಮ್ಮಗಳು ಮಿಲಾಗ್ರೊಸ್ ಎರಡನೇ ಸ್ಥಾನ! ಎರಡು ಪಾಯಿಂಟ್ ಒಂದು!"

"ಎದುರಾಳಿಗೆ ನಂಬರ್ ಜಾಸ್ತಿ ಕೊಡಿಸೋ ಕಳ್ಳನ್ನ ನಾನೆಲ್ಲೂ ನೋಡಿಲ್ಲ ಮೇಷ್ಟ್ರೇ."

"ಮೊದಲು ಎತ್ತಿ ಆಮೇಲೆ ಕೆಡವೋದು! ಸೋಮವಾರ ಇನ್ನೊಂದ್ಸಲ ಅಳೀರಿ ಅಂತ ಹಟ ಹಿಡಿದವರು ಯಾರು? ಅವರೇ! ಅಳೆಯೋಕೆ ಕೆಂಪು ಮೀಟರ್ ತಂದುಕೊಟ್ಟವರು ಯಾರು? ಅವರೇ, ಅವರ ಅಂಗಡಿಯಿಂದ!"

ನೆಲಿದಾ ಮೇಷ್ಟ್ರನ್ನು ಹೊಸದಾಗಿ ನೋಡಿದಳು. ಇಪ್ಪತ್ತಾರರ ಹುಡುಗ, ನೆಟ್ಟಗೆ ಗಡ್ಡವೂ ಬಂದಿಲ್ಲ. ಆದರೆ ಹೇಳಿದ್ದರಲ್ಲಿ ಹುರುಳಿತ್ತು.

"ಕರೀರಿ ಅವರನ್ನ," ಎಂದಳು. "ನಮ್ಮ ವಾಷಿಂಗ್ಟನ್ನೂ ಬರಲಿ. ಪೊಲೀಸ್ ಎದುರಿಗಿದ್ರೆ ಜನ ಕಮ್ಮಿ ಕಿರುಚ್ತಾರೆ."

*

ದೋನ್ ದಾರ್ದೊ ಮೆನ್ಚಾಕಾ ಕಮ್ಮಿ ಕಿರುಚುವ ಜಾತಿಯವನಲ್ಲ. ಹಾರ್ಡ್‌ವೇರ್ ಅಂಗಡಿಯ ಮಾಲೀಕ, ಪೋಷಕರ ಸಂಘದ ಅಧ್ಯಕ್ಷ. ಕಂಕುಳಲ್ಲಿ ಬಿಸಿನೀರಿನ ಥರ್ಮಾಸು, ಕೈಯಲ್ಲಿ 'ಮಾತೆ' ಎಂಬ ಕಹಿ ಎಲೆಚಹಾ ತುಂಬಿದ ಸೋರೆಬುರುಡೆ ಹಿಡಿದು ಗಾಳಿಯಂತೆ ಒಳಗೆ ನುಗ್ಗಿದ. ಅವನ ಹಿಂದೆ ನೆಲಿದಾಳ ಅಕ್ಕನ ಮಗ, ಊರಿನ ಠಾಣೆಯ ಏಕೈಕ ಪೊಲೀಸ್ ವಾಷಿಂಗ್ಟನ್ ಬೆಂತಾಂಕೂರ್, ನೋಟ್‌ಬುಕ್ ಹಿಡಿದು ಬಂದ. ಮೂರು ದಿನದಿಂದ ಈ ಕೇಸಿಗಾಗಿ ಅರ್ಧ ಊರನ್ನು ವಿಚಾರಿಸಿ ಅವನು ಹದಿನಾಲ್ಕು ಪುಟ ತುಂಬಿಸಿದ್ದ.

"ಅಂಗಡೀಲಿ ಗಿರಾಕಿ ಬಿಟ್ಟು ಬಂದಿದೀನಿ," ಎಂದ ದಾರ್ದೊ. "ಏನದು, ಬೇಗ ಹೇಳಿ."

ನೆಲಿದಾ ಗುಲಾಬಿ ಚೀಟಿಯನ್ನು ಮೇಜಿನ ಮೇಲೆ ಇಟ್ಟಳು. ಪಕ್ಕದಲ್ಲಿ ಹಳೆ ಬ್ಯಾಟರಿ.

"ಇದು ನಿಮ್ಮ ಲಾಟರಿ ಚೀಟಿ ತಾನೇ?"

"ಹೌದು. ಕುರಿಮರಿ ಬೇಕಾಗಿತ್ತಾ ನಿನಗೆ? ತಡ ಆಯ್ತು. ಪಾದ್ರಿಗಳಿಗೆ ಹೊಡೀತು."

"ಮೀಟರಿನ ಒಳಗಿತ್ತು. ಶನಿವಾರ ಎರಡು ತಂಡ ಅಳೆದಾದ ಮೇಲೆ ತಿಂಡಿಗೆ ಬಿಟ್ವಿ. ಮಳೆ ಬೇರೆ ಬರ್ತಿತ್ತು. ಎಲ್ಲರೂ ಕರಿದ ರೊಟ್ಟಿ ತಿನ್ನೋಕೆ ಜಗಲಿಗೆ ಹೋದ್ರು. ಆ ಇಪ್ಪತ್ತು ನಿಮಿಷದಲ್ಲಿ ಯಾರೋ ಮೀಟರಿನ ಹೊಸ ಬ್ಯಾಟರಿ ಕಿತ್ತು, ಈ ಸತ್ತ ಬ್ಯಾಟರಿ ಹಾಕಿದಾರೆ. ಆಮೇಲೆ ಅಳೆದಿದ್ದು ಅಬ್ರೀಲ್ ಒಬ್ಬಳದ್ದೇ."

ದಾರ್ದೊ ಮಾತೆ ಹೀರುವ ಕೊಳವೆಯನ್ನು ಬಾಯಿಂದ ತೆಗೆದ. ಮುಖ ಕೆಂಪಗಾಯಿತು. "ಅಂದ್ರೆ? ನಾನು ಹಾಕಿದೆ ಅಂತಾನಾ? ಹೇಳು ನೆಲಿದಾ, ಬಾಯಿಬಿಟ್ಟು ಹೇಳು!"

"ನಾನು ಕೇಳ್ತಾ ಇದೀನಿ, ಹೇಳ್ತಾ ಇಲ್ಲ."

"ನಲವತ್ತು ವರ್ಷದಿಂದ ಮೊಳೆ ತೂಕ ಹಾಕಿ ಮಾರ್ತಿದೀನಿ! ಒಂದು ಮೊಳೆ ಕಮ್ಮಿ ಕೊಟ್ಟಿದ್ದು ತೋರ್ಸು!"

"ಮತ್ತೆ ಸೋಮವಾರ ಯಾಕೆ ಅಷ್ಟು ಹಟ ಹಿಡಿದ್ರಿ?" ಮೇಷ್ಟ್ರು ಮಧ್ಯೆ ಬಾಯಿ ಹಾಕಿದರು. "ಮಗೂನ ಇಡೀ ಕ್ಲಾಸಿನ ಮುಂದೆ ಕಳ್ಳಿ ಅಂದ್ರಿ!"

"ಯಾಕಂದ್ರೆ ನಂಬರ್ ಸುಳ್ಳಾಗಿತ್ತು! ಆಟಿಕೆ ಕಾರಿನ ಮೋಟರು ಅಷ್ಟು ಸಣ್ಣ ಫ್ಯಾನಿಗೆ ಮೂರು ಪಾಯಿಂಟ್ ಒಂಬತ್ತು ಕೊಡೋದು ನಾನು ಕಂಡಿಲ್ಲ. ಆ ಮೋಟರು ಮಾರಿದೋನೇ ನಾನು! ನಂಬರ್ ಸುಳ್ಳು ಅಂದೆ. ಸುಳ್ಳೇ ಆಗಿತ್ತು ತಾನೇ?"

ನೆಲಿದಾಗೆ ಒಳಗೇ ನಗು ಬಂತು. ಮುದುಕ ಹೇಳಿದ್ದು ಸರಿಯೇ. ನಂಬರ್ ಸುಳ್ಳು ಎಂದು ಮೊದಲು ಕಂಡುಹಿಡಿದವನು ಅವನೇ. ತಪ್ಪು ಮಾಡಿದ್ದು ನಂಬರಿನಲ್ಲಲ್ಲ, ಬೆರಳು ಯಾರ ಕಡೆ ತೋರಿಸಬೇಕು ಎಂಬುದರಲ್ಲಿ.

"ಮಾರಾಟ ಆಗದೆ ಉಳಿದ ಚೀಟಿ ಯಾರ ಹತ್ರ ಇತ್ತು?" ಎಂದು ಕೇಳಿದಳು.

"ನೂರರ ಮೇಲಿನ ಒಂದೂ ಮಾರಲಿಲ್ಲ. ಕಟ್ಟು ಹಾಗೇ ಇತ್ತು. ಹೋದ ವಾರವೇ ಇವನ ಕೈಗೆ ಕೊಟ್ಟಿದ್ದೆ," ದಾರ್ದೊ ಬುರುಡೆಯಿಂದಲೇ ತೋರಿಸಿದ. "ನಂಬರ್ ಕೂಗಿದವನು ಇವನೇ ಅಲ್ವಾ, ಮೈಕು ಹಿಡ್ಕೊಂಡು."

ಎಲ್ಲರೂ ವಾಷಿಂಗ್ಟನ್ ಕಡೆ ತಿರುಗಿದರು.

ವಾಷಿಂಗ್ಟನ್ ಬರೆಯುವುದನ್ನು ಯಾವಾಗಲೋ ನಿಲ್ಲಿಸಿದ್ದ. ಅವನ ಕಿವಿಗಳು ಬೀಟ್‌ರೂಟಿನ ಬಣ್ಣಕ್ಕೆ ತಿರುಗುತ್ತಿದ್ದವು. ಚಿಕ್ಕಂದಿನಲ್ಲಿ ಜಾಮು ಕದ್ದಾಗಲೂ ಮೊದಲು ಸಿಕ್ಕಿಬೀಳುತ್ತಿದ್ದದ್ದು ಆ ಕಿವಿಗಳೇ.

"ವಾಷಿಂಗ್ಟನ್," ನೆಲಿದಾ ಮೆಲ್ಲಗೆ ಕೇಳಿದಳು, "ನಿನ್ನ ತಂತಿ ಇಲ್ಲದ ಮೈಕಿಗೆ ಎಂಥ ಬ್ಯಾಟರಿ ಹಾಕ್ತಾರಪ್ಪ?"

"ಚೌಕದ್ದು, ಚಿಕ್ಕಮ್ಮ."

"ಎಷ್ಟು ವೋಲ್ಟಿಂದು?"

"...ಒಂಬತ್ತು."

"ಅದು ಒಳಗೆ ಅಲುಗಾಡುತ್ತಾ?"

"ಅಲುಗಾಡುತ್ತೆ ಚಿಕ್ಕಮ್ಮ. ಅದಕ್ಕೇ ಮಾರದ ಚೀಟಿ ಒಂದನ್ನ ಮಡಚಿ..." ಟೋಪಿ ತೆಗೆದ. "ತಿಂಡಿ ಹೊತ್ತಲ್ಲಿ ಜಗಲೀಲಿ ಡ್ರಾ ಇನ್ನೇನು ಶುರು ಆಗ್ಬೇಕು, ಮೈಕು ಕೈಕೊಡ್ತು. ಇಡೀ ಊರು ನನ್ನೇ ನೋಡ್ತಿತ್ತು. ಒಳಗೆ ಬಂದೆ, ಮೇಜಿನ ಮೇಲೆ ಮೀಟರ್ ಇತ್ತು. ಅದರಲ್ಲೂ ಅಂಥದ್ದೇ ಬ್ಯಾಟರಿ. ಬದಲಾಯಿಸ್ಕೊಂಡೆ. ಆ ಪುಟ್ಟ ಡಬ್ಬಿಗೆ ಏನು ಮಹಾ ಬೇಕಾಗುತ್ತೆ ಅಂದ್ಕೊಂಡೆ. ಮೈಕಿಗಾದ್ರೆ ಕೂಗ್ಬೇಕು..."

ಮೊದಲು ನಕ್ಕವನು ದೋನ್ ದಾರ್ದೊ. ಹೊಟ್ಟೆ ಕುಲುಕಿ, ಥರ್ಮಾಸು ಜಾರಿ, ಅದನ್ನು ಹಿಡಿಯಲು ಹೋಗಿ ಬೆಂಚಿನ ಮೇಲೆ ಕುಸಿದು ಕೂತ. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಹದಿನಾಲ್ಕು ಪುಟ!" ದಾರ್ದೊ ಏದುಸಿರು ಬಿಡುತ್ತಿದ್ದ. "ನನ್ನ ಹೆಂಡತೀನೂ ವಿಚಾರಿಸಿದೀಯಲ್ಲೋ, ಶನಿವಾರ ಎಲ್ಲಿದ್ರಿ ಅಂತ!"

"ಹದಿನೈದನೇ ಪುಟದಲ್ಲಿ ನಿನ್ನ ಹೆಸರು ಬರ್ಕೋ," ಎಂದಳು ನೆಲಿದಾ. "ಅಕ್ಷರ ದುಂಡಗಿರಲಿ, ಇನ್ಸ್‌ಪೆಕ್ಟರಮ್ಮ ಓದ್ತಾರೆ."

ನಗು ಇಳಿದ ಮೇಲೆ ದಾರ್ದೊ ಕಪ್ಪುಹಲಗೆಯ ಲೆಕ್ಕ ನೋಡಿದ.

"ಮಿಲಾಗ್ರೊಸ್‌ದು ಹೊಸ ಬ್ಯಾಟರೀಲಿ ಅಳೆದಿದ್ದು. ಅಂದ್ರೆ ಎರಡು ಪಾಯಿಂಟ್ ಒಂದು ಸರಿ."

"ಸರಿ."

"ಆ ಹುಡುಗೀದು ನಿಜವಾಗ್ಲೂ ಎರಡು ಪಾಯಿಂಟ್ ಆರು."

"ಹೌದು."

"ಹಾಗಾದ್ರೆ ಅವಳೇ ಗೆದ್ದಿದ್ದಳು." ದಾರ್ದೊ ತಲೆಯ ಮೇಲಿನ ಉಣ್ಣೆ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ಮೊದಲಿಂದಾನೂ ಅವಳೇ ಗೆದ್ದಿದ್ದಳು. ಎಲ್ಲಿದಾಳೆ ಅವಳು?"

*

ಕರೆತರುವ ಕೆಲಸ ಶಿಕ್ಷೆಯಾಗಿ ವಾಷಿಂಗ್ಟನ್ ಪಾಲಿಗೆ ಬಂತು. ಅರ್ಧ ಗಂಟೆಯಲ್ಲಿ ಅವನ ಮೋಟರ್‌ಸೈಕಲ್ ಅಂಗಳದಲ್ಲಿ ನಿಂತಿತು. ಅಬ್ರೀಲ್ ಶಾಲೆಯ ಸಮವಸ್ತ್ರದ ಬಿಳಿ ನಿಲುವಂಗಿ ಹಾಕಿದ್ದಳು, ಆದರೆ ಕೊರಳಿನ ನೀಲಿ ರಿಬ್ಬನ್ ಕಟ್ಟಿರಲಿಲ್ಲ. ಕೈಯಲ್ಲೊಂದು ಖಾಲಿ ಚೀಲ.

"ನಾನು ಕ್ಲಾಸಿಗೆ ಬಂದಿಲ್ಲ," ಎಂದಳು ಬಾಗಿಲಲ್ಲೇ ನಿಂತು. "ನನ್ನ ಚಕ್ರ ತಗೊಂಡು ಹೋಗೋಕೆ ಬಂದೆ."

ದೋನ್ ದಾರ್ದೊ ಎದ್ದು ನಿಂತ. ಆರಡಿ ಎತ್ತರದ ಮನುಷ್ಯ, ಹನ್ನೊಂದರ ಹುಡುಗಿಯ ಮುಂದೆ ಟೋಪಿ ಹಿಂಡುತ್ತ ನಿಂತಿದ್ದ.

"ಮಗಾ, ನಾನು ತಪ್ಪು ಮಾಡ್ದೆ. ನೀನು ಮೋಸ ಮಾಡಿರಲಿಲ್ಲ. ಮೀಟರ್ ಕೆಟ್ಟಿತ್ತು. ನಂದು ತಪ್ಪಾಯ್ತು."

ಅಬ್ರೀಲ್ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಕಳ್ಳಿ ಅಂತ ಇಡೀ ಕ್ಲಾಸಿನ ಮುಂದೆ ಅಂದ್ರಿ. ತಪ್ಪಾಯ್ತು ಅಂತ ಬರೀ ನಾಲ್ಕು ಜನದ ಮುಂದೆ ಹೇಳ್ತಿದೀರಿ."

"ಇಡೀ ಶಾಲೆ ಮುಂದೆ ಹೇಳ್ತೀನಿ. ಇವತ್ತೇ."

"ಮೈಕಲ್ಲಿ?"

"ಮೈಕಲ್ಲಿ!" ಎಂದ ದಾರ್ದೊ. "ಬ್ಯಾಟರಿ ನಾನೇ ಹೊಸದು ತರ್ತೀನಿ."

ಹುಡುಗಿಯ ತುಟಿಯ ಒಂದು ಕೊನೆ ಮೇಲೆ ಹೋಯಿತು. ಅಷ್ಟು ಸಾಕಾಯಿತು. ನೆಲಿದಾ ಬಗ್ಗಿ ಆ ನೀಲಿ ರಿಬ್ಬನ್ ಕಟ್ಟತೊಡಗಿದಳು. "ನಿನ್ನ ಅಜ್ಜನಿಗೆ ನಾನು ಒಂದು ಮಾತು ಹೇಳ್ಬೇಕಾಗಿತ್ತು," ಎಂದಳು ಮೆತ್ತಗೆ. "ಹೇಳಲೇ ಇಲ್ಲ. ಇನ್ನೊಂದಿನ ನಿಂಗೆ ಹೇಳ್ತೀನಿ. ಈಗ ನಿನ್ನ ಚಕ್ರ ಸರಿಯಾಗಿ ಅಳೆಯೋಣ. ಇನ್ಸ್‌ಪೆಕ್ಟರಮ್ಮ ಬರೋ ಹೊತ್ತಿಗೆ ಎಲ್ಲ ಸಿದ್ಧ ಇರಲಿ. ಬರೋ ಶನಿವಾರ ಜಿಲ್ಲಾ ಮೇಳಕ್ಕೆ ನೀನು ಹೋಗ್ತೀಯ."

ಮೇಷ್ಟ್ರು ಕೊರಳಿನ ದಾರದಲ್ಲಿದ್ದ ಕೀಲಿಯಿಂದ ಕಬ್ಬಿಣದ ಕಪಾಟು ತೆರೆದರು. ಸೋಮವಾರ ಸಂಜೆ, ಈಗ ಇಲ್ಲಿ ನಿಂತಿರುವ ನಾಲ್ವರು ದೊಡ್ಡವರೂ ಸೇರಿ ಚಕ್ರದ ಮರದ ಪೀಠ ಬಿಚ್ಚಿ, ಒಳಗೆ ಮೋಟರು ಬಿಟ್ಟರೆ ಏನೂ ಇಲ್ಲ ಎಂದು ಕಣ್ಣಾರೆ ನೋಡಿ, ಅದನ್ನು ಇಲ್ಲಿಟ್ಟು ಬೀಗ ಹಾಕಿದ್ದರು. ಆಮೇಲೆ ಕಪಾಟು ತೆರೆದಿಲ್ಲ ಎಂದು ಮೇಷ್ಟ್ರು ಆಣೆ ಮಾಡಿ ಹೇಳುತ್ತಿದ್ದರು.

ಅಬ್ರೀಲ್ ಎರಡೂ ಕೈಯಲ್ಲಿ ಚಕ್ರ ಎತ್ತಿ ತಂದು ಮೇಜಿನ ಮೇಲಿಟ್ಟಳು. ಮೂರು ಬಿಳಿ ರೆಕ್ಕೆ. ಒಂದರ ಮೇಲೆ ಅವಳ ಅಮ್ಮ ಕೆಂಪು ಶಾಯಿಯಲ್ಲಿ ಒಂದು ಕುರಿ ಬರೆದಿದ್ದಳು. ಮೇಷ್ಟ್ರು ನೆಲದ ಸುಣ್ಣದ ಗೆರೆಗೆ ಫ್ಯಾನ್ ಸರಿಸಿ, ಪ್ಲಗ್ಗು ಹಾಕಲು ಗೋಡೆಯ ಕಡೆ ನಡೆದರು. ನೆಲಿದಾ ಕೆಂಪು ಮೀಟರಿನ ಎರಡು ಹಲ್ಲಿನ ಕ್ಲಿಪ್ಪುಗಳನ್ನು ಚಕ್ರದ ತಂತಿಗಳಿಗೆ ಕಚ್ಚಿಸಿದಳು.

"ಫ್ಯಾನ್ ಹಾಕ್ಲಾ?" ಮೇಷ್ಟ್ರು ಕೇಳಿದರು.

ನೆಲಿದಾ ಮೀಟರಿನ ಪರದೆಯ ಮೇಲೆ ಬಗ್ಗಿದಳು.

"ದೋನ್ಯಾ? ಹಾಕ್ಲಾ?"

"ಬೇಡ," ಎಂದಳು. "ಎಲ್ಲಿದೀರೋ ಅಲ್ಲೇ ನಿಲ್ಲಿ."

ರೆಕ್ಕೆಗಳು ಅಲುಗಾಡುತ್ತಿರಲಿಲ್ಲ. ಕಿಟಕಿ ಮುಚ್ಚಿತ್ತು. ಕುರಿಯ ಚಿತ್ರ ನೆಟ್ಟಗೆ ಮೇಲಕ್ಕೆ ನಿಂತಿತ್ತು. ಮೀಟರಿನ ಪರದೆಯ ಮೇಲೆ ೧.೬ ಎಂದಿತ್ತು.

ಅವಳು ಕ್ಲಿಪ್ಪು ತೆಗೆದಳು. ಸೊನ್ನೆ. ಮತ್ತೆ ಕಚ್ಚಿಸಿದಳು. ೧.೬.

ವಾಷಿಂಗ್ಟನ್ ಬಗ್ಗಿ ನೋಡಿದ. "ಗಾಳಿ ಇಲ್ದೇನೇ ಕರೆಂಟ್ ಬರ್ತಿದೆಯಲ್ಲ ಚಿಕ್ಕಮ್ಮ? ಭಾರೀ ಚಕ್ರ!" ಆಮೇಲೆ ಅವನಿಗೂ ಅರ್ಥವಾಯಿತು. ನಿಂತ ಚಕ್ರ ಸೊನ್ನೆ ತೋರಿಸಬೇಕಿತ್ತು.

ನೆಲಿದಾ ಸ್ಕ್ರೂಡ್ರೈವರಿನಿಂದ ಪೀಠದ ಹಲಗೆ ಎತ್ತಿದಳು. ಮೋಟರಿನ ಪಕ್ಕದಲ್ಲಿ ಹೊಚ್ಚ ಹೊಸ ಪೆನ್‌ಸೆಲ್ ಒಂದು ಮಲಗಿತ್ತು. ತಂತಿ ಕತ್ತರಿಸಿ, ಅದನ್ನು ನಡುವೆ ಸೇರಿಸಿ, ಬಿಗಿಯಾಗಿ ಹಸಿರು ಟೇಪು ಸುತ್ತಿದ್ದರು. ಅಚ್ಚುಕಟ್ಟಾದ ಕೆಲಸ. ಅವಸರದಲ್ಲಿ ತಪ್ಪಿ ಆದದ್ದಲ್ಲ, ಕೂತು ಯೋಚಿಸಿ ಮಾಡಿದ್ದು.

ಮೈಕಿನ ಬ್ಯಾಟರಿಗೆ ನಕ್ಕ ನಗು ಈ ಕೋಣೆಯಲ್ಲಿ ಎಲ್ಲಿಯೂ ಉಳಿದಿರಲಿಲ್ಲ.

"ನಾನಲ್ಲ," ಎಂದರು ಮೇಷ್ಟ್ರು. ಯಾರೂ ಕೇಳುವ ಮೊದಲೇ. ಅವರ ಕೈ ಕೊರಳಿನ ಕೀಲಿ ಹಿಡಿದಿತ್ತು.

"ನಾನಂತೂ ಅಲ್ಲ," ಎಂದ ದಾರ್ದೊ.

ಅಬ್ರೀಲ್ ಆ ಹಸಿರು ಟೇಪಿನ ಕೊನೆಯನ್ನು ನೋಡುತ್ತಿದ್ದಳು. ಯಾರೋ ಅದನ್ನು ಕತ್ತರಿಸದೆ, ಎರಡು ಸಲ ತಿರುಚಿ, ಒಳಕ್ಕೆ ಮಡಚಿದ್ದರು. ಹುಡುಗಿಯ ಮುಖದಲ್ಲಿ ಆಶ್ಚರ್ಯ ಇರಲಿಲ್ಲ. ಗುರುತು ಸಿಕ್ಕವರ ಮುಖ ಅದು. ಅಂಥ ಮುಖಗಳನ್ನು ಓದಿ ನೆಲಿದಾಗೆ ಅಭ್ಯಾಸವಿತ್ತು.

"ಯಾರು ಮಗಾ?" ಎಂದಳು ಕಿವಿಯ ಹತ್ತಿರ ಬಗ್ಗಿ.

"ಗೊತ್ತು," ಎಂದಳು ಅಬ್ರೀಲ್ ಅಷ್ಟೇ ಮೆಲ್ಲಗೆ. "ಆದ್ರೆ ಹೇಳಲ್ಲ."

"ನಿನ್ನ ಮೇಲೇ ಬರುತ್ತೆ ಕಣೇ."

"ಬರಲಿ."

ಅಂಗಳದಲ್ಲಿ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು. ಎರಡು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಹಿಮ್ಮಡಿಯ ಟಕಟಕ ಸದ್ದು ಜಗಲಿ ದಾಟಿ ಬಂತು. ನೆಲಿದಾ ಪೀಠದ ಹಲಗೆಯನ್ನು ಅದರ ಜಾಗಕ್ಕೆ ಒತ್ತಿದಳು. ಕ್ಲಿಪ್ಪು ತೆಗೆಯಲು ಕೈ ಚಾಚುವಷ್ಟರಲ್ಲಿ ಬಾಗಿಲು ತೆರೆಯಿತು.

ಒದ್ದೆ ಕೋಟು, ಕೈಯಲ್ಲಿ ಕಡತ, ಮುಖದ ತುಂಬ ನಗು. "ಬೇಗ ಬಂದುಬಿಟ್ಟೆ, ಕ್ಷಮಿಸಿ. ಓ, ಇದೇ ತಾನೇ ಆ ಚಕ್ರ!" ಇನ್ಸ್‌ಪೆಕ್ಟರಮ್ಮ ಮೇಜಿನ ಹತ್ತಿರ ಬಂದು, ಕನ್ನಡಕ ಹಣೆಯಿಂದ ಇಳಿಸಿಕೊಂಡರು. ಅವರ ಕಣ್ಣು ರೆಕ್ಕೆಯ ಮೇಲಿನ ಕುರಿಯಿಂದ ತಂತಿಗೆ, ತಂತಿಯಿಂದ ಕೆಂಪು ಮೀಟರಿನ ೧.೬ಕ್ಕೆ ಹೋಗಿ ನಿಂತಿತು. ಮುಖದ ನಗು ಸ್ವಲ್ಪ ಸ್ವಲ್ಪವಾಗಿ ಆರಿತು.

"ಚಕ್ರ ನಿಂತಿದೆಯಲ್ಲ," ಎಂದರು ನಿಧಾನವಾಗಿ. "ಮೀಟರ್ ಯಾಕೆ ನಿಂತಿಲ್ಲ?"